ಗ್ಯಾಲಕ್ಸಿ ಝೂ: ಆ ‘ಮರ್ಜಿಂಗ್’ ಪ್ರಶ್ನೆಗಾಗಿಯೇ ಬಳಸಿ ನೋಡಿ

ಮೊದಲೇ ಹೇಳಿಬಿಡುತ್ತೇನೆ, ಆಕಾಶದ ಬಗ್ಗೆ ಸ್ವಲ್ಪವಾದರೂ ಕುತೂಹಲ ಇರುವವರು ಗ್ಯಾಲಕ್ಸಿ ಝೂ ಬಳಸಲೇಬೇಕು. ದುಡ್ಡು ಕೊಡಬೇಕಿಲ್ಲ. ಟೆಲಿಸ್ಕೋಪ್ ಬೇಕಿಲ್ಲ. ಖಾತೆ ತೆರೆಯದೆಯೂ ಶುರು ಮಾಡಬಹುದು. ಝೂನಿವರ್ಸ್ ತಾಣಕ್ಕೆ ಹೋಗಿ ಗ್ಯಾಲಕ್ಸಿ ಝೂ ಆರಿಸಿದರೆ ಸಾಕು, ಒಂದು ಗ್ಯಾಲಕ್ಸಿಯ ಚಿತ್ರ ಬರುತ್ತದೆ, ಪಕ್ಕದಲ್ಲಿ ಪ್ರಶ್ನೆ ಇರುತ್ತದೆ. ಇದು ನುಣುಪಾಗಿ ದುಂಡಗಿದೆಯಾ, ತಟ್ಟೆಯ ಆಕಾರ ಕಾಣುತ್ತಾ, ಸುರುಳಿ ತೋಳುಗಳು ಎಷ್ಟು, ಹೀಗೆ. ಒಂದೊಂದಕ್ಕೆ ಉತ್ತರ ಒತ್ತುತ್ತಾ ಹೋದರೆ ಒಂದು ಗ್ಯಾಲಕ್ಸಿ ಮುಗಿಯುವುದಕ್ಕೆ ಜಾಸ್ತಿ ಹೊತ್ತು ಬೇಕಾಗಲ್ಲ. ನಿಮ್ಮ ಉತ್ತರ ಉಳಿದವರ ಉತ್ತರಗಳ ಜೊತೆ ಸೇರಿ ನಿಜವಾದ ಸಂಶೋಧನೆಗೆ ಹೋಗುತ್ತದೆ. ಸುಮ್ನೆ ಆಟ ಅಲ್ಲ ಇದು.

ಇಡೀ ಸೇವೆಯ ಬಗ್ಗೆ ಬರೆಯುವವರು ತುಂಬಾ ಜನ ಇದ್ದಾರೆ. ನಾನು ಅದರ ಒಂದು ಪ್ರಶ್ನೆಯ ಬಗ್ಗೆ ಮಾತ್ರ ಬರೆಯುತ್ತಿದ್ದೇನೆ. ಸಾಮಾನ್ಯವಾಗಿ ಕೊನೆಯ ಹೊತ್ತಿಗೆ ಬರುವ ಪ್ರಶ್ನೆ ಅದು: ಈ ಗ್ಯಾಲಕ್ಸಿ ಇನ್ನೊಂದರ ಜೊತೆ ಸೇರುತ್ತಿದೆಯಾ, ಅಥವಾ ಯಾರೋ ಎಳೆದಾಡಿದ ಗುರುತು ಇದೆಯಾ? ಜನ ಇಲ್ಲಿಗೆ ಬರುವಾಗ ಬೇಗ ಬೇಗ ಒತ್ತಿ ಮುಂದಿನ ಚಿತ್ರಕ್ಕೆ ಹೋಗಿಬಿಡುವ ಮನಸ್ಸಿನಲ್ಲಿರುತ್ತಾರೆ. ನನ್ನ ಪ್ರಕಾರ ಇಡೀ ಪಟ್ಟಿಯಲ್ಲಿ ಜಾಸ್ತಿ ಯೋಚನೆ ಬೇಡುವ ಪ್ರಶ್ನೆ ಇದೇ. ಯಾಕೆಂದರೆ ಉಳಿದ ಪ್ರಶ್ನೆಗಳೆಲ್ಲ ಆಕಾರ ಕೇಳುತ್ತವೆ, ಇದು ಚಲನೆ ಕೇಳುತ್ತದೆ. ನಮ್ಮ ಕೈಗೆ ಕೊಟ್ಟಿರುವುದು ಮಾತ್ರ ಒಂದು ಸ್ಥಿರ ಚಿತ್ರ.

ಸೇವೆಯ ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ. 2007ರ ಜುಲೈನಲ್ಲಿ ಶುರುವಾಯಿತು, ಕ್ರಿಸ್ ಲಿಂಟಾಟ್ ಮತ್ತು ಕೆವಿನ್ ಶಾವಿನ್ಸ್ಕಿ ಇದರ ಹಿಂದಿದ್ದವರು. ಆಕಾಶವನ್ನು ಚಿತ್ರ ತೆಗೆಯುವ ಸ್ಲೋನ್ ಡಿಜಿಟಲ್ ಸ್ಕೈ ಸರ್ವೆ ಎಂಬ ಯೋಜನೆ ತೆಗೆದ ಸುಮಾರು 9 ಲಕ್ಷ ಗ್ಯಾಲಕ್ಸಿಗಳನ್ನು ವಿಂಗಡಿಸುವುದಕ್ಕೆ ಕೆಲವೇ ಜನರ ಕಣ್ಣು ಸಾಲದು, ಅದಕ್ಕೆ ಜನರನ್ನೇ ಕರೆದರು. ಮೊದಲ ವರ್ಷದಲ್ಲೇ 5 ಕೋಟಿಗೂ ಮೀರಿ ಉತ್ತರಗಳು ಬಂದವು. ಹ್ಯಾನಿ ವ್ಯಾನ್ ಆರ್ಕೆಲ್ ಎಂಬ ಡಚ್ ಶಾಲಾ ಶಿಕ್ಷಕಿ ಐಸಿ 2497 ಗ್ಯಾಲಕ್ಸಿಯ ಪಕ್ಕದಲ್ಲಿ ವಿಚಿತ್ರ ಬಣ್ಣದ ಮೋಡ ನೋಡಿ ಇದೇನು ಅಂತ ಕೇಳಿದ ಕಥೆ ನಿಮಗೆ ಗೊತ್ತಿರಬಹುದು. ಆ ಮೋಡ ಎಲ್ಲಿಂದ ಬಂತು ಎಂದು ಹುಡುಕಿದಾಗ, ಆ ಗ್ಯಾಲಕ್ಸಿಯ ಸುತ್ತ ಉದ್ದಕ್ಕೆ ಹರಡಿದ ಗ್ಯಾಸಿನ ಬಾಲ ರೇಡಿಯೋ ದೂರದರ್ಶಕಗಳಿಗೆ ಸಿಕ್ಕಿತು. ಹಿಂದೊಮ್ಮೆ ಇನ್ನೊಂದು ಗ್ಯಾಲಕ್ಸಿ ಹತ್ತಿರ ಬಂದು ಎಳೆದು ಚೆಲ್ಲಿದ ಗ್ಯಾಸ್ ಅದು ಎನ್ನುವುದು ವಿಜ್ಞಾನಿಗಳ ಅಭಿಪ್ರಾಯ. ಅಂದರೆ ಈ ಸೇವೆಯ ಅತಿ ಪ್ರಸಿದ್ಧ ಪತ್ತೆಯೇ ನಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದು.

ಈಗ ಬಟನ್‌ಗಳ ವಿಷಯ. ಹಿಂದೆ ಇಲ್ಲಿ ‘ಮರ್ಜಿಂಗ್’ (ಸೇರುತ್ತಿದೆ), ‘ಟೈಡಲ್ ಡೆಬ್ರಿಸ್’ (ಸೆಳೆತ ಎಳೆದು ಚೆಲ್ಲಿದ ಚೂರುಗಳು), ‘ಎರಡೂ’, ‘ಯಾವುದೂ ಅಲ್ಲ’ ಅಂತ ನಾಲ್ಕು ಆಯ್ಕೆ ಇದ್ದವು. ಆಮೇಲೆ ಡಿಕಾಲ್ಸ್ ಎಂಬ ಇನ್ನೊಂದು ಆಕಾಶ ಸರ್ವೆಯ ಚಿತ್ರಗಳಿಗೆ ಅದನ್ನು ಬದಲಿಸಿ ‘ಮರ್ಜಿಂಗ್’, ‘ಮೇಜರ್ ಡಿಸ್ಟರ್ಬೆನ್ಸ್’ (ಆಕಾರ ತುಂಬಾ ಕೆಟ್ಟಿದೆ), ‘ಮೈನರ್ ಡಿಸ್ಟರ್ಬೆನ್ಸ್’ (ಸ್ವಲ್ಪ ಕೆಟ್ಟಿದೆ), ‘ನನ್’ (ಯಾವುದೂ ಇಲ್ಲ) ಎಂದು ಮಾಡಿದರು. ಹೊಸದು ಖಂಡಿತ ಚೆನ್ನಾಗಿದೆ. ಸ್ವಲ್ಪ ಕೆದರಿದಂತೆ ಕಾಣುವ ಗ್ಯಾಲಕ್ಸಿಗೆ ಹಳೆಯ ಆಯ್ಕೆಗಳಲ್ಲಿ ಸರಿಯಾದ ಜಾಗವೇ ಇರಲಿಲ್ಲ. ಆದರೆ ಒಂದು ಎಚ್ಚರ ಬೇಕು. ಖಗೋಳ ವಿಜ್ಞಾನದಲ್ಲಿ ಮೇಜರ್ ಮರ್ಜರ್, ಮೈನರ್ ಮರ್ಜರ್ ಅಂದರೆ ಅದು ತೂಕದ ಲೆಕ್ಕ. ಸೇರುವ ಎರಡರ ತೂಕ ಹೆಚ್ಚು ಕಡಿಮೆ ಸಮ ಇದ್ದರೆ, ಅಂದರೆ ದೊಡ್ಡದರ ಮೂರನೇ ಒಂದೋ ನಾಲ್ಕನೇ ಒಂದೋ ಭಾಗಕ್ಕಿಂತ ಚಿಕ್ಕದು ಹಗುರ ಅಲ್ಲದಿದ್ದರೆ, ಅದು ಮೇಜರ್. ಬಟನ್ ಮೇಲಿರುವ ಮೇಜರ್ ಮಾತ್ರ ಆಕಾರ ಎಷ್ಟು ಕೆಟ್ಟಿದೆ ಎನ್ನುವುದರ ಲೆಕ್ಕ. ಎರಡೂ ಬೇರೆ ಬೇರೆ. ಚಿಕ್ಕ ಗ್ಯಾಲಕ್ಸಿಯೊಂದು ಸರಿಯಾದ ದಿಕ್ಕಿನಿಂದ ಬಂದರೆ ದೊಡ್ಡದರ ತಟ್ಟೆಯನ್ನು ಚೆನ್ನಾಗಿಯೇ ಕಲಕಬಲ್ಲದು, ಮತ್ತು ಸಮ ತೂಕದ ಎರಡು ಗ್ಯಾಲಕ್ಸಿಗಳು ಮೊದಲ ಸಲ ಹತ್ತಿರ ಬರುವ ಮುಂಚೆ ಪಕ್ಕಪಕ್ಕದಲ್ಲಿ ಏನೂ ಆಗದಂತೆ ಸುಂದರವಾಗಿ ನಿಂತಿರಬಹುದು.

ಚಿತ್ರ ಒಂದೇ ಆದರೆ ತೊಂದರೆ ಎಷ್ಟು ಅನ್ನುವುದಕ್ಕೆ ಹೈಡ್ರಾ ರಾಶಿಯ ಎನ್‌ಜಿಸಿ 3314 ನೋಡಿ. ಹಬಲ್ ತೆಗೆದ ಚಿತ್ರದಲ್ಲಿ ಒಂದು ಸುರುಳಿ ಗ್ಯಾಲಕ್ಸಿ ಇನ್ನೊಂದರ ಎದೆಯ ಮೇಲೇ ಕುಳಿತ ಹಾಗಿದೆ. ಯಾರೇ ನೋಡಿದರೂ ಮರ್ಜಿಂಗ್ ಅಂತಲೇ ಒತ್ತುತ್ತಾರೆ. ಆದರೆ ಒಂದು ಸುಮಾರು 11.7 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ, ಇನ್ನೊಂದು ಸುಮಾರು 14 ಕೋಟಿ. ಒಂದಕ್ಕೊಂದು ಸಂಬಂಧವೇ ಇಲ್ಲ, ನಮ್ಮ ಕಣ್ಣಿನ ನೇರಕ್ಕೆ ಬಂದಿವೆ ಅಷ್ಟೇ. ಕಬಡ್ಡಿ ಪಂದ್ಯದ ಒಂದೇ ಒಂದು ಫೋಟೋ ಕೊಟ್ಟು ರೈಡರ್ ಒಳಗೆ ಹೋಗುತ್ತಿದ್ದಾನಾ ವಾಪಸ್ ಬರುತ್ತಿದ್ದಾನಾ ಅಂತ ಕೇಳಿದ ಹಾಗೆ ಇದು.

ಇದಕ್ಕೆ ಉಲ್ಟಾ ಉದಾಹರಣೆ ನಮ್ಮ ಬೆಂಗಳೂರಿನಿಂದಲೇ ಇದೆ, ಅದನ್ನು ಹೇಳುವುದಕ್ಕೆ ನನಗೆ ಬಹಳ ಖುಷಿ. ಎನ್‌ಜಿಸಿ 7733 ಮತ್ತು ಎನ್‌ಜಿಸಿ 7734 ಎಂಬ ಜೋಡಿಯನ್ನು ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೋಫಿಸಿಕ್ಸ್‌ನ ತಂಡ ನೋಡುತ್ತಿತ್ತು. ಆಸ್ಟ್ರೋಸ್ಯಾಟ್ ಉಪಗ್ರಹದ ಅಲ್ಟ್ರಾವಯೊಲೆಟ್ ಟೆಲಿಸ್ಕೋಪ್ ಮತ್ತು ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪ್‌ನ ಮ್ಯೂಸ್ ಉಪಕರಣದ ಮಾಹಿತಿ ಅವರ ಬಳಿ ಇತ್ತು. ಎನ್‌ಜಿಸಿ 7733ರ ಸುರುಳಿ ತೋಳಿನ ಮೇಲೆ ಒಂದು ಹೊಳಪಿನ ಗಂಟು. ನೋಡಿದರೆ ತೋಳಿನದೇ ಭಾಗ, ನಕ್ಷತ್ರಗಳು ಹುಟ್ಟುವ ಜಾಗ ಇರಬೇಕು ಅನ್ನಿಸುತ್ತದೆ. ಆದರೆ ಅದರ ವೇಗ ಅಳೆದಾಗ ಅದು ಆ ಗ್ಯಾಲಕ್ಸಿಯ ಜೊತೆ ಸುತ್ತುತ್ತಿರಲಿಲ್ಲ, ಬೇರೆಯದೇ ವೇಗದಲ್ಲಿತ್ತು. ಅದೊಂದು ಮೂರನೇ ಗ್ಯಾಲಕ್ಸಿ! 2021ರಲ್ಲಿ ಪ್ರಕಟಿಸಿದರು. ಮೂರರಲ್ಲೂ ಸಕ್ರಿಯ ಕಪ್ಪುಕುಳಿಗಳು. ಚಿತ್ರ ಮುಚ್ಚಿಟ್ಟಿದ್ದನ್ನು ವೇಗ ತೋರಿಸಿತು.

ಹಾಗಾಗಿ ನನ್ನ ಸಲಹೆ ಇಷ್ಟು. ಚಿತ್ರದಲ್ಲಿ ಜೋಡಿ ಕಂಡಾಗ ಮೊದಲು ಬಾಲ ಹುಡುಕಿ, ಸೇತುವೆ ಹುಡುಕಿ. ಎರಡರ ನಡುವೆ ತೆಳುವಾದ ಬೆಳಕಿನ ಪಟ್ಟಿ, ಆಚೆ ಕಡೆ ಉದ್ದಕ್ಕೆ ಚಾಚಿದ ನಕ್ಷತ್ರಗಳ ಬಾಲ, ಒಂದೇ ಪಕ್ಕಕ್ಕೆ ಬಾಗಿದ ತಟ್ಟೆ. ಇವು ಸುಮ್ನೆ ನೇರಕ್ಕೆ ಬಂದ ಜೋಡಿಯಲ್ಲಿ ಇರುವುದಿಲ್ಲ. ಆಮೇಲೆ ಸ್ಲೋನ್ ಸರ್ವೆಯ ಸ್ಕೈಸರ್ವರ್‌ನಲ್ಲಿ ಎರಡರ ರೆಡ್‌ಶಿಫ್ಟ್ ಇದೆಯಾ ನೋಡಿ, ಅಂದರೆ ಬೆಳಕು ಕೆಂಪಿನ ಕಡೆ ಎಷ್ಟು ಸರಿದಿದೆ ಎಂಬ ಅಳತೆ, ಅದರಿಂದ ದೂರ ಸರಿಯುವ ವೇಗ ಗೊತ್ತಾಗುತ್ತದೆ. ಅದೂ ಉಚಿತ. ನಮ್ಮ ನೇರದಲ್ಲಿ ಎರಡರ ವೇಗದ ವ್ಯತ್ಯಾಸ ಸೆಕೆಂಡಿಗೆ ಸುಮಾರು 500 ಕಿ.ಮೀ. ಒಳಗಿದ್ದರೆ ಜೋಡಿ ನಿಜ ಇರಬಹುದು, ಸಂಶೋಧಕರು ಸಾಮಾನ್ಯವಾಗಿ ಬಳಸುವ ಅಳತೆ ಅದೇ. ಗ್ಯಾಲಕ್ಸಿ ಝೂಗೆ ಉತ್ತರ ಕೊಡುವುದಕ್ಕೆ ಇದೆಲ್ಲ ಬೇಕಿಲ್ಲ, ಅವರು ಕೇಳುವುದು ಕಣ್ಣಿಗೆ ಕಂಡದ್ದನ್ನು ಮಾತ್ರ, ಹಾಗೇ ಕೊಡಿ. ರೆಡ್‌ಶಿಫ್ಟ್ ನೋಡುವುದು ಉತ್ತರ ಕೊಟ್ಟ ಮೇಲೆ, ನಿಮ್ಮ ತಿಳಿವಳಿಕೆಗೆ.

ಬಾಲ ಯಾಕೆ ಬರುತ್ತದೆ ಅನ್ನುವುದು ಗೊತ್ತಿದ್ದರೆ ಈ ಕೆಲಸದ ರುಚಿಯೇ ಬೇರೆ. 1941ರಲ್ಲಿ ಸ್ವೀಡನ್ನಿನ ಎರಿಕ್ ಹೋಲ್ಮ್‌ಬರ್ಗ್ ಕಂಪ್ಯೂಟರ್ ಇಲ್ಲದೆ ಗ್ಯಾಲಕ್ಸಿ ಡಿಕ್ಕಿಯನ್ನು ಮೇಜಿನ ಮೇಲೆ ಮಾಡಿ ನೋಡಿದರು. ಒಂದೊಂದು ಗ್ಯಾಲಕ್ಸಿಗೆ 37 ಬಲ್ಬ್, ಒಟ್ಟು 74. ದೂರ ಹೆಚ್ಚಿದಂತೆ ಗುರುತ್ವ ಹೇಗೆ ಕಡಿಮೆಯಾಗುತ್ತದೋ ಬೆಳಕೂ ಅದೇ ಲೆಕ್ಕದಲ್ಲಿ ಕಡಿಮೆಯಾಗುತ್ತದೆ ಅಲ್ವಾ, ಅದಕ್ಕೆ ಪ್ರತಿ ಬಲ್ಬಿನ ಜಾಗದಲ್ಲಿ ಬೀಳುವ ಬೆಳಕನ್ನು ಅಳೆದು, ಅದನ್ನೇ ಸೆಳೆತ ಎಂದು ತೆಗೆದುಕೊಂಡು, ಬಲ್ಬುಗಳನ್ನು ಸ್ವಲ್ಪ ಸ್ವಲ್ಪ ಸರಿಸುತ್ತಾ ಹೋದರು. ಎಂಥ ತಾಳ್ಮೆ! ಆಮೇಲೆ 1972ರಲ್ಲಿ ಅಲಾರ್ ಟೂಮ್ರೆ ಮತ್ತು ಯೂರಿ ಟೂಮ್ರೆ ಸಹೋದರರು ಕಂಪ್ಯೂಟರಿನಲ್ಲಿ ತೋರಿಸಿದರು: ಆ ಉದ್ದ ಬಾಲಗಳಿಗೆ ಗುರುತ್ವ ಒಂದೇ ಸಾಕು, ಬೇರೆ ಯಾವ ನಿಗೂಢ ಶಕ್ತಿಯೂ ಬೇಡ. ಹತ್ತಿರ ಬರುವ ಗ್ಯಾಲಕ್ಸಿ ನಿಧಾನಕ್ಕೆ ಬಂದು, ತಟ್ಟೆ ತಿರುಗುವ ದಿಕ್ಕಿನಲ್ಲೇ ಸುತ್ತು ಹಾಕಿದರೆ ಸೆಳೆತ ಒಂದೇ ನಕ್ಷತ್ರಗಳ ಮೇಲೆ ತುಂಬಾ ಹೊತ್ತು ಬೀಳುತ್ತದೆ, ಬಾಲ ಉದ್ದ ಚಾಚುತ್ತದೆ. ಎದುರು ದಿಕ್ಕಿನಲ್ಲಿ ಬಂದರೆ ಅಷ್ಟು ಆಗುವುದಿಲ್ಲ. ಕೋಮಾ ಬೆರೆನಿಸಸ್ ರಾಶಿಯಲ್ಲಿರುವ, ಸುಮಾರು 30 ಕೋಟಿ ಜ್ಯೋತಿರ್ವರ್ಷ ದೂರದ ‘ಮೈಸ್’ ಜೋಡಿ, ಅಂದರೆ ಎನ್‌ಜಿಸಿ 4676, ಇದಕ್ಕೆ ಒಳ್ಳೆಯ ಮಾದರಿ. ಅದರ ನೇರ ಬಾಲ ನೋಡಿಕೊಂಡು ಗ್ಯಾಲಕ್ಸಿ ಝೂಗೆ ಹೋಗಿ, ಕಣ್ಣು ತಾನೇ ಪಳಗುತ್ತದೆ.

ಇಲ್ಲಿ ಅನೇಕರು ತಲೆಕೆಳಗಾಗಿ ತಿಳಿದುಕೊಂಡಿರುವ ವಿಷಯ ಒಂದಿದೆ. ವೇಗವಾಗಿ ಗುದ್ದಿದರೆ ಜಾಸ್ತಿ ಹಾನಿ ಅಂತ ನಾವು ರಸ್ತೆಯ ಅನುಭವದಿಂದ ಅಂದುಕೊಳ್ಳುತ್ತೇವೆ. ಗ್ಯಾಲಕ್ಸಿಗಳಲ್ಲಿ ಹಾಗಲ್ಲ. ನಕ್ಷತ್ರಗಳ ನಡುವೆ ಎಷ್ಟು ಜಾಗ ಇದೆ ಅಂದರೆ, ಸೂರ್ಯನ ಅಗಲ ಸುಮಾರು 14 ಲಕ್ಷ ಕಿ.ಮೀ., ಪಕ್ಕದ ನಕ್ಷತ್ರ 4.2 ಜ್ಯೋತಿರ್ವರ್ಷ ದೂರ. ಹಾಗಾಗಿ ನಕ್ಷತ್ರಕ್ಕೆ ನಕ್ಷತ್ರ ಗುದ್ದುವ ಪ್ರಶ್ನೆಯೇ ಹೆಚ್ಚು ಕಡಿಮೆ ಬರುವುದಿಲ್ಲ. ಎರಡು ಗ್ಯಾಲಕ್ಸಿಗಳು ಒಂದರೊಳಗೊಂದು ತೂರಿ ಆಚೆ ಹೋಗುತ್ತವೆ. ಸೆಕೆಂಡಿಗೆ 1,000 ಕಿ.ಮೀ. ಲೆಕ್ಕದಲ್ಲಿ ಓಡಾಡುವ, ಗ್ಯಾಲಕ್ಸಿಗಳು ಕಿಕ್ಕಿರಿದ ಕೋಮಾ ಕ್ಲಸ್ಟರಿನಂಥ ಕಡೆ ಅವು ತೂರಿಕೊಂಡು ಹೋಗೇಬಿಡುತ್ತವೆ, ಸೇರುವುದಿಲ್ಲ. ಸೇರುವುದು ಚಿಕ್ಕ ಗುಂಪುಗಳಲ್ಲಿ, ಸೆಕೆಂಡಿಗೆ ಒಂದೆರಡು ನೂರು ಕಿ.ಮೀ. ವೇಗ ಇರುವ ಕಡೆ.

ಸೇರುವಂತೆ ಮಾಡುವುದು ಏನು? ಅದರ ಲೆಕ್ಕವನ್ನು 1943ರಲ್ಲಿ ಬರೆದವರು ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್. ಡೈನಮಿಕಲ್ ಫ್ರಿಕ್ಷನ್ ಅನ್ನುತ್ತಾರೆ. ಭಾರವಾದ ವಸ್ತು ನಕ್ಷತ್ರಗಳ ನಡುವೆ ಸಾಗುವಾಗ ತನ್ನ ಸೆಳೆತದಿಂದ ಅವನ್ನು ಬೆನ್ನ ಹಿಂದೆ ಗುಂಪು ಸೇರಿಸಿಕೊಳ್ಳುತ್ತದೆ, ಆ ಗುಂಪು ಅದನ್ನು ಹಿಂದಕ್ಕೆ ಎಳೆಯುತ್ತದೆ, ವೇಗ ಇಳಿಯುತ್ತದೆ. ವಸ್ತು ಭಾರ ಇದ್ದಷ್ಟೂ ಬೇಗ ನಿಧಾನವಾಗುತ್ತದೆ. ಗ್ಯಾಲಕ್ಸಿಯ ಸುತ್ತ ಇರುವ, ಕಣ್ಣಿಗೆ ಕಾಣದ ಡಾರ್ಕ್ ಮ್ಯಾಟರ್ ಇಲ್ಲಿ ದೊಡ್ಡ ಪಾತ್ರ ವಹಿಸುತ್ತದೆ, ಯಾಕೆಂದರೆ ತೂಕದ ಬಹುಪಾಲು ಅದರದ್ದೇ. ಗ್ಯಾಲಕ್ಸಿಗಳ ಓಟದ ಶಕ್ತಿ ಎಲ್ಲೂ ಮಾಯ ಆಗುವುದಿಲ್ಲ, ಅದು ಒಳಗಿನ ನಕ್ಷತ್ರಗಳ ಮತ್ತು ಡಾರ್ಕ್ ಮ್ಯಾಟರಿನ ಓಡಾಟಕ್ಕೆ ಹಂಚಿಹೋಗುತ್ತದೆ. ಮೊದಲು ಎಲ್ಲ ನಕ್ಷತ್ರಗಳೂ ಒಂದೇ ದಿಕ್ಕಿನಲ್ಲಿ ಶಿಸ್ತಾಗಿ ಸುತ್ತುತ್ತಿದ್ದ ತಟ್ಟೆ, ಸಮ ತೂಕದ ಡಿಕ್ಕಿ ಮುಗಿದ ಮೇಲೆ ಎಲ್ಲ ದಿಕ್ಕಿಗೂ ಓಡುವ ಅಂಡಾಕಾರದ ರಾಶಿಯಾಗುವುದು ಇದರಿಂದಲೇ. ಗ್ಯಾಲಕ್ಸಿ ಝೂನ ಮೊದಲ ಪ್ರಶ್ನೆಗೆ ನೀವು ‘ಸ್ಮೂತ್’ ಅಂತ ಒತ್ತುವಾಗ ಎಷ್ಟೋ ಸಲ ಮುಗಿದುಹೋದ ಡಿಕ್ಕಿಯನ್ನೇ ನೋಡುತ್ತಿರುತ್ತೀರಿ.

ತೂಕದ ಕಥೆ ನನಗೆ ಇನ್ನೂ ಇಷ್ಟ. ಒಂದಕ್ಕೆ ಒಂದು ಸೇರಿದರೆ ಎರಡು, ಅದರಲ್ಲೇನಿದೆ ಅನ್ನಿಸಬಹುದು. ಆದರೆ ಹೇಗೆ ಸೇರಿತು ಅನ್ನುವುದರ ಮೇಲೆ ಫಲ ಪೂರ್ತಿ ಬೇರೆ. ಗ್ಯಾಸ್ ಇಲ್ಲದ, ಒಂದೇ ತೂಕದ ಎರಡು ಅಂಡಾಕಾರದ ಗ್ಯಾಲಕ್ಸಿಗಳು ಸೇರಿದವು ಅಂದುಕೊಳ್ಳಿ. ಸರಳ ಲೆಕ್ಕದಲ್ಲಿ ತೂಕ ಎರಡರಷ್ಟು, ಅಗಲವೂ ಎರಡರಷ್ಟು, ಒಳಗೆ ನಕ್ಷತ್ರಗಳ ಓಟದ ವೇಗ ಮಾತ್ರ ಹೆಚ್ಚು ಕಡಿಮೆ ಮೊದಲಿನಷ್ಟೇ. ಅದೇ ಗ್ಯಾಲಕ್ಸಿ ಪುಟ್ಟ ಪುಟ್ಟವನ್ನು ಒಂದೊಂದಾಗಿ ನುಂಗಿ ತೂಕ ಎರಡರಷ್ಟು ಮಾಡಿಕೊಂಡರೆ ಅಗಲ ನಾಲ್ಕರಷ್ಟರ ಹತ್ತಿರ ಹೋಗುತ್ತದೆ, ವೇಗ ಸುಮಾರು ಶೇ. 30ರಷ್ಟು ಇಳಿಯುತ್ತದೆ. ಒಂದೇ ತೂಕ, ಎರಡು ಬೇರೆ ಬೇರೆ ಗ್ಯಾಲಕ್ಸಿಗಳು! ಸುಮಾರು 1,000 ಕೋಟಿ ವರ್ಷ ಹಿಂದಿನ ಭಾರಿ ಗ್ಯಾಲಕ್ಸಿಗಳು ತುಂಬಾ ಒತ್ತಾಗಿ ಚಿಕ್ಕದಾಗಿದ್ದವು, ಇವತ್ತಿನವು ಹರಡಿಕೊಂಡಿವೆ, ಈ ಬೆಳವಣಿಗೆಗೆ ಚಿಕ್ಕ ಚಿಕ್ಕ ಮರ್ಜರ್‌ಗಳೇ ಮುಖ್ಯ ಕಾರಣ ಎಂದು ಅನೇಕರು ಹೇಳುವುದು ಈ ಲೆಕ್ಕದಿಂದಲೇ. ಹಾಗಾಗಿ ‘ಮೈನರ್ ಡಿಸ್ಟರ್ಬೆನ್ಸ್’ ಬಟನ್ ಚಿಲ್ಲರೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಗ್ಯಾಸ್ ಇದ್ದರೆ ಇನ್ನೊಂದು ಕಥೆ. ಡಿಕ್ಕಿಯ ಎಳೆದಾಟದಲ್ಲಿ ಗ್ಯಾಸ್ ತನ್ನ ತಿರುಗುವಿಕೆ ಕಳೆದುಕೊಂಡು ನಡುವಿಗೆ ಜಾರುತ್ತದೆ, ಅಲ್ಲಿ ಒತ್ತಾಗಿ ನಕ್ಷತ್ರಗಳು ಒಮ್ಮೆಗೇ ಹುಟ್ಟುತ್ತವೆ. ಹೀಗೆ ಸೇರುತ್ತಿರುವ ಆರ್ಪ್ 220 ನೋಡಿ, ಸುಮಾರು 25 ಕೋಟಿ ಜ್ಯೋತಿರ್ವರ್ಷ ದೂರ. ಎರಡು ನಡುಭಾಗಗಳು ಇನ್ನೂ ಬೇರೆಬೇರೆಯಾಗಿ ಉಳಿದಿವೆ. ಬೆಳಕಿನ ಬಹುಪಾಲು ಧೂಳಿನ ಹಿಂದೆ ಅಡಗಿ ಇನ್‌ಫ್ರಾರೆಡ್ ಆಗಿ ಹೊರಬರುತ್ತದೆ. ಮಾಮೂಲಿ ಬಣ್ಣದ ಚಿತ್ರದಲ್ಲಿ ಅದರ ನಿಜವಾದ ಅಬ್ಬರ ಗೊತ್ತೇ ಆಗುವುದಿಲ್ಲ. ಇದೂ ಈ ಸೇವೆಯ ಮಿತಿಯೇ, ಆದರೆ ಚಿತ್ರ ನೋಡಿ ಮಾಡುವ ಯಾವ ಕೆಲಸಕ್ಕೂ ಇರುವ ಮಿತಿ.

ಗ್ಯಾಲಕ್ಸಿ ಝೂನವರಿಗೂ ಚಲನೆಯ ಈ ಕೊರತೆ ಗೊತ್ತಿತ್ತು. ಗ್ಯಾಲಕ್ಸಿ ಝೂ ಮರ್ಜರ್ಸ್ ಎಂಬ ಉಪಯೋಜನೆ ಮಾಡಿದರು, ಜಾನ್ ವಾಲಿನ್ ಮತ್ತು ಆಂಥೊನಿ ಹೋಲಿಂಚೆಕ್ ಅದರಲ್ಲಿ ಮುಖ್ಯರು. ನಿಜವಾದ ಜೋಡಿಯ ಚಿತ್ರ ಒಂದು ಕಡೆ, ಪಕ್ಕದಲ್ಲಿ ಬೇರೆ ಬೇರೆ ತೂಕ, ವೇಗ, ದಿಕ್ಕು ಕೊಟ್ಟು ಕಂಪ್ಯೂಟರ್ ಮಾಡಿದ ಡಿಕ್ಕಿಗಳು. ಯಾವುದು ಹೋಲುತ್ತದೋ ಅದನ್ನು ಆರಿಸಬೇಕು. ಜನರು 30 ಲಕ್ಷಕ್ಕೂ ಹೆಚ್ಚು ಸಿಮ್ಯುಲೇಷನ್ ನೋಡಿ, 62 ಜೋಡಿಗಳಿಗೆ ಹೊಂದುವ ಮಾದರಿ ಕೊಟ್ಟರು. ಫಲಿತಾಂಶ 2016ರಲ್ಲಿ ಬಂತು. ಇದು ಈ ಸೇವೆ ಮಾಡಿದ ಅತ್ಯುತ್ತಮ ಕೆಲಸ ಎಂದು ನಾನು ನಂಬುತ್ತೇನೆ. ಸ್ಥಿರ ಚಿತ್ರದ ಹಿಂದೆ ಯಾವ ಓಟ ಇರಬಹುದು ಅಂತ ಸಾಮಾನ್ಯ ಜನರ ಕಣ್ಣು ಹೇಳಿತು. ಇಂಥದ್ದು ಹೊಸ ಚಿತ್ರಗಳಿಗೂ ಮತ್ತೆ ಬರಬೇಕು ಅನ್ನುವುದು ನನ್ನ ದೊಡ್ಡ ಆಸೆ.

ನಮ್ಮ ಮನೆಯ ಗ್ಯಾಲಕ್ಸಿಯ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಅದು ಗ್ಯಾಲಕ್ಸಿ ಝೂನಲ್ಲಿ ಸಿಗುವುದಿಲ್ಲ, ನಾವು ಅದರೊಳಗೇ ಇದ್ದೇವೆ. ನೆರೆಯ ದೊಡ್ಡ ಗ್ಯಾಲಕ್ಸಿ ಆಂಡ್ರೊಮಿಡಾ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದಿಂದ ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ನಮ್ಮ ಕಡೆ ಬರುತ್ತಿದೆ. ಬ್ರಹ್ಮಾಂಡ ಹಿಗ್ಗುತ್ತಿರುವಾಗ ಇದು ಮಾತ್ರ ಹತ್ತಿರ ಬರಬೇಕಾದರೆ ನಡುವೆ ಎಷ್ಟು ತೂಕ ಇರಬೇಕು ಅಂತ 1959ರಲ್ಲಿ ಕಾನ್ ಮತ್ತು ವೋಲ್ಟ್ಯೇರ್ ಲೆಕ್ಕ ಹಾಕಿದರು, ಕಣ್ಣಿಗೆ ಕಾಣುವ ನಕ್ಷತ್ರಗಳಿಗಿಂತ ತುಂಬಾ ಜಾಸ್ತಿ ಬಂತು. 2012ರಲ್ಲಿ ಹಬಲ್ ಅಳತೆಗಳಿಂದ, ಸುಮಾರು 400 ಕೋಟಿ ವರ್ಷದಲ್ಲಿ ಡಿಕ್ಕಿ ಖಚಿತ ಅಂದರು. 2025ರಲ್ಲಿ ಟಿಲ್ ಸವಾಲಾ ತಂಡ ನಮ್ಮ ಪಕ್ಕದ ಚಿಕ್ಕ ಗ್ಯಾಲಕ್ಸಿಯಾದ ಲಾರ್ಜ್ ಮೆಗಲನಿಕ್ ಕ್ಲೌಡ್‌ನ ತೂಕವನ್ನೂ ಸೇರಿಸಿ ಮತ್ತೆ ಲೆಕ್ಕ ಮಾಡಿ, ಮುಂದಿನ 1,000 ಕೋಟಿ ವರ್ಷದಲ್ಲಿ ಸೇರುವ ಸಾಧ್ಯತೆ ಅರ್ಧಕ್ಕರ್ಧ ಅಷ್ಟೇ ಎಂದಿತು. ಅಂಥ ಒಂದು ಚಿಕ್ಕ ಗ್ಯಾಲಕ್ಸಿಯ ತೂಕ ನಮ್ಮದನ್ನು ಎಳೆದು ದಾರಿಯನ್ನೇ ಬದಲಿಸಬಹುದು! ಇನ್ನು ನಮ್ಮದು ಈಗಾಗಲೇ ನುಂಗಿದ ಗಾಯಾ-ಎನ್ಸೆಲಡಸ್ ಎಂಬ ಗ್ಯಾಲಕ್ಸಿ ಪತ್ತೆಯಾಗಿದ್ದು 2018ರಲ್ಲಿ. ಆಕಾಶದಲ್ಲಿ ಅದರ ಆಕಾರ ಉಳಿದಿಲ್ಲ. ನಕ್ಷತ್ರಗಳ ಓಟದ ದಿಕ್ಕು ನೋಡಿ, ಇವು ಹೊರಗಿನಿಂದ ಬಂದವು ಅಂತ ಕಂಡುಹಿಡಿದರು.

ಬಳಕೆಯ ವಿಷಯಕ್ಕೆ ವಾಪಸ್ ಬರುತ್ತೇನೆ. ನಾನು ಬಳಸುವಾಗ ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು. ಪಕ್ಕದಲ್ಲಿ ಮಾದರಿ ಚಿತ್ರಗಳು ಇರುವುದರಿಂದ ಹೈಸ್ಕೂಲ್ ಮಕ್ಕಳಿಗೆ ಕಷ್ಟ ಆಗಲಿಕ್ಕಿಲ್ಲ, ಚಿಕ್ಕವರಿಗೆ ದೊಡ್ಡವರು ಪಕ್ಕದಲ್ಲಿ ಕೂತು ಓದಿ ಹೇಳಿದರೆ ಸಾಕು. ಫೋನಿಗಿಂತ ಲ್ಯಾಪ್‌ಟಾಪ್ ಒಳ್ಳೆಯದು, ಮಸುಕಾದ ಬಾಲಗಳು ದೊಡ್ಡ ಪರದೆಯಲ್ಲೇ ಕಾಣುವುದು. ಪರದೆಯ ಬೆಳಕು ಪೂರ್ತಿ ಏರಿಸಿ, ಕೋಣೆ ಕತ್ತಲು ಮಾಡಿಕೊಳ್ಳಿ. ಚಿತ್ರದ ಬಣ್ಣ ತಿರುಗಿಸಿ ಕಪ್ಪು ಬಿಳುಪು ಅದಲುಬದಲು ಮಾಡುವ ಬಟನ್ ಕಂಡರೆ ಖಂಡಿತ ಒತ್ತಿ, ಬಿಳಿ ಹಿನ್ನೆಲೆಯಲ್ಲಿ ಬಾಲ ಚೆನ್ನಾಗಿ ಎದ್ದು ಕಾಣುತ್ತದೆ.

ಮರ್ಜರ್ ತುಂಬಾ ಸಿಗುತ್ತವೆ ಅಂತ ಅಂದುಕೊಂಡು ಹೋಗಬೇಡಿ. ಗ್ಯಾಲಕ್ಸಿ ಝೂ ಉತ್ತರಗಳಿಂದಲೇ 2010ರಲ್ಲಿ ಮಾಡಿದ ಪಟ್ಟಿಯಲ್ಲಿ 3,003 ಜೋಡಿಗಳಿದ್ದವು, ನಮ್ಮ ಸುತ್ತಲಿನ ಬ್ರಹ್ಮಾಂಡದಲ್ಲಿ ನೂರಕ್ಕೆ ಒಂದರಿಂದ ಮೂರು ಗ್ಯಾಲಕ್ಸಿ ಮಾತ್ರ ಈಗ ಈ ಸ್ಥಿತಿಯಲ್ಲಿವೆ ಎಂದು ಅದರಿಂದ ಅಂದಾಜಾಯಿತು. ಕಂಪ್ಯೂಟರೇ ಮಾಡಬಹುದಲ್ಲ ಅಂತ ಕೇಳುವವರಿಗೆ: ಝೂಬಾಟ್ ಎಂಬ ಪ್ರೋಗ್ರಾಂ ಇದೆ, ಅದು ಕಲಿತದ್ದೇ ಜನರ ಉತ್ತರಗಳಿಂದ. 2024ರಿಂದ ಯೂಕ್ಲಿಡ್ ದೂರದರ್ಶಕದ ಚಿತ್ರಗಳೂ ಇಲ್ಲಿಗೆ ಬಂದಿವೆ. ಬಾಹ್ಯಾಕಾಶದಿಂದ ತೆಗೆದ ಚಿತ್ರಗಳಾದ್ದರಿಂದ ಸ್ಪಷ್ಟತೆ ಬಹಳ ಚೆನ್ನಾಗಿದೆ. ಹೊಸದಾಗಿ ಶುರು ಮಾಡುವವರು ಯೂಕ್ಲಿಡ್ ಚಿತ್ರಗಳು ಸಿಕ್ಕರೆ ಅಲ್ಲಿಂದಲೇ ಶುರು ಮಾಡಿ. ಗ್ಯಾಲಕ್ಸಿ ಝೂಗೆ ಐದಕ್ಕೆ ನಾಲ್ಕೂವರೆ ಅಂಕ ನನ್ನದು. ಆ ಅರ್ಧ ಅಂಕ ರೆಡ್‌ಶಿಫ್ಟ್ ಅನ್ನು ಉತ್ತರ ಕೊಟ್ಟ ಕೂಡಲೇ ಅದೇ ಪುಟದಲ್ಲಿ ತೋರಿಸುವ ದಿನಕ್ಕೆ ಇಟ್ಟಿದ್ದೇನೆ.